ಭಾರತಮ್ಮನ ಹಳದಿ ಸ್ವೆಟರ್

ಕ್ಯಾಲನೂರಿನ ಸುತ್ತಮುತ್ತ ಆ ಕಾಲದಲ್ಲಿ ಹುಟ್ಟಿದ ಮಕ್ಕಳ ಪೈಕಿ, ಭಾರತಮ್ಮ ಹೆಣೆದ ಟೋಪಿ ತಲೆಗೇರದ ಮಗುವನ್ನು ಹುಡುಕುವುದು ಕಷ್ಟವಿತ್ತು. ಯಾರದೋ ಮನೆಯಲ್ಲಿ ಹೆರಿಗೆಯಾದ ಸುದ್ದಿ, ಡೈರಿಗೆ ಹಾಲು ಹಾಕಲು ಹೋದ ಗಂಡನ ಬಾಯಲ್ಲಿ ಮನೆಗೆ ಬಂದರೆ ಸಾಕು, ಹೆಸರಿಡುವ ದಿನದೊಳಗೆ ಟೋಪಿ, ಕಾಲುಚೀಲ ಎರಡೂ ತಯಾರಾಗಿರುತ್ತಿದ್ದವು. ಮಾತಾಡುತ್ತಲೇ ಹೆಣೆಯುವಳು. ಒಲೆಯ ಮೇಲಿನ ಸಾರು ಕುದಿಯುವಷ್ಟು ಹೊತ್ತಿನಲ್ಲಿ ಎರಡು ಸಾಲು, ಕೋಲಾರದ ಬಸ್ಸು ಬರುವಷ್ಟರಲ್ಲಿ ಇನ್ನೆರಡು ಸಾಲು. ಕಣ್ಣು ಕಡ್ಡಿಯ ಮೇಲೆ ಇರುತ್ತಲೇ ಇರಲಿಲ್ಲ. ಮೇಷ್ಟರ ಮನೆಯ ರೇಡಿಯೋಗೆ ಕ್ರೋಷಾ ಹೊದಿಕೆ, ಸೊಸೈಟಿ ಸೆಕ್ರೆಟರಿಯ ಹೆಂಡತಿಗೆ ಶಾಲು, ಯಾರದೋ ಮಗಳ ಮದುವೆಗೆ ತೋರಣ, ಏನು ಕೇಳಿದರೂ ಇಲ್ಲವೆನ್ನಳು. "ಭಾರತಮ್ಮನ ಕೈಗೆ ಉಲ್ಲನ್ ಕೊಟ್ಟು ಕಾಫಿ ಕುಡ್ಕೊಂಡು ಬಂದ್ರೆ ಟೋಪಿ ಆಗಿರ್ತದೆ" ಎಂದು ಊರ ಹೆಂಗಸರು ನಗೆಯಾಡುತ್ತಿದ್ದರು.

ಅಂಥ ಭಾರತಮ್ಮ ಒಂದು ಕೂಸಿಗೆಂದು ಹಿಡಿದ ಸ್ವೆಟರನ್ನು, ಆ ಕೂಸು ಬೆಳೆದು ಲಂಗ ದಾವಣಿ ಉಡುವ ವಯಸ್ಸಿಗೆ ಬಂದರೂ ಮುಗಿಸಿರಲಿಲ್ಲ. ಆ ಕೂಸು ಬೇರೆ ಯಾರದೂ ಅಲ್ಲ, ಅವಳ ಹೊಟ್ಟೆಯಲ್ಲೇ ಹುಟ್ಟಿದ್ದು.

ಭಾರತಮ್ಮನ ತವರು ಮಾಲೂರು. ಅಪ್ಪ ಚನ್ನರಾಯಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಾ ಸೇರಿಕೊಂಡು, ಕೊನೆಗೆ ಹೆಂಚು ಸುಡುವ ಗೂಡಿನ ಮೇಸ್ತ್ರಿಯಾದವನು. ಅಮ್ಮನ ಮುಖ ಅವಳಿಗೆ ನೆನಪಿಲ್ಲ. ಅಮ್ಮ ಎಂದರೆ ನೆನಪಿಗೆ ಬರುವುದು ಅಕ್ಕ ಮುನಿಯಲ್ಲಮ್ಮನ ಸೊಂಟ. ತಾಯಿ ತೀರಿಕೊಂಡಾಗ ಮುನಿಯಲ್ಲಮ್ಮ ತಾನೇ ಇನ್ನೂ ಸಣ್ಣ ಹುಡುಗಿ. ಸ್ಕೂಲು ಬಿಟ್ಟಳು, ಸೌದೆ ತಂದಳು, ರಾಗಿ ಹಿಟ್ಟು ತೊಳೆಸಿ ಮುದ್ದೆ ಕಟ್ಟಲು ಕಲಿತಳು, ಅಳುವ ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡೇ ಎಲ್ಲ ಕೆಲಸ ಮಾಡಿದಳು. ಸೊಂಟದ ಒಂದು ಬದಿ ಸ್ವಲ್ಪ ಓರೆಯಾಗಿಯೇ ಉಳಿದುಹೋಯಿತು. ದೊಡ್ಡವಳಾದ ಮೇಲೂ ಅವಳು ನಿಂತರೆ, ಇಲ್ಲದ ಮಗುವನ್ನು ಹೊತ್ತು ನಿಂತ ಹಾಗೆ ಕಾಣುತ್ತಿತ್ತು.

ಪಕ್ಕದ ಮನೆಯಲ್ಲಿದ್ದ ಶ್ಯಾಮಲಮ್ಮ ರೈಲ್ವೆ ನೌಕರನ ಹೆಂಡತಿ. ಗಂಡನಿಗೆ ವರ್ಗವಾದ ಊರುಗಳನ್ನೆಲ್ಲ ಸುತ್ತಿ ಬರುವಾಗ ಹೆಣಿಗೆಯನ್ನು ಕಲಿತು ತಂದಿದ್ದಳು. ಮಧ್ಯಾಹ್ನ ಅವಳ ಜಗಲಿಯ ಮೇಲೆ ಬೀದಿಯ ಹುಡುಗಿಯರೆಲ್ಲ ಕಡ್ಡಿ ಹಿಡಿದು ಕೂರುತ್ತಿದ್ದರು. ಅಕ್ಕನಿಗೆ ಅದು ಒಗ್ಗಲಿಲ್ಲ, ಕಡ್ಡಿಯನ್ನು ಒನಕೆಯ ಹಾಗೆ ಹಿಡಿಯುತ್ತಿದ್ದಳು. ಭಾರತಿಗೆ ಮಾತ್ರ ಅದು ನೀರು ಕುಡಿದಷ್ಟು ಸಲೀಸು. ಶ್ಯಾಮಲಮ್ಮ ಅವಳಿಗೆ ಹೇಳಿಕೊಟ್ಟ ಪಾಠದಲ್ಲಿ ಮೊದಲನೆಯದು ಇದು: "ತಪ್ಪು ಕಂಡ್ರೆ ಅಲ್ಲೇ ಬಿಚ್ಬೇಕು. ನಾಳೆ ನೋಡ್ಕೊಳ್ಳೋಣ ಅಂದ್ರೆ, ಆ ತಪ್ಪಿನ ನೆತ್ತಿ ಮೇಲೆ ಇಪ್ಪತ್ತು ಸಾಲು ಕೂತಿರ್ತದೆ."

ಮುನಿಯಲ್ಲಮ್ಮನನ್ನು ಶ್ರೀನಿವಾಸಪುರದಾಚೆ ರಾಯಲ್ಪಾಡಿಗೆ ಕೊಟ್ಟರು. ಗಂಡ ಕೋದಂಡರಾಮಪ್ಪ ಮಾವಿನ ತೋಟದವನು, ಮೆದು ಮಾತಿನವನು. ಮನೆಯಲ್ಲಿ ಆಡುವುದೆಲ್ಲ ತೆಲುಗು. ಅವಳಿಗೆ ಮಕ್ಕಳಾಗಲಿಲ್ಲ. ಹರಕೆ ಹೊತ್ತರು, ಔಷಧಿ ಕುಡಿದರು, ಅರಳಿ ಮರ ಸುತ್ತಿದರು. ಆಮೇಲೆ ಆ ಮಾತು ಎತ್ತುವುದನ್ನೇ ಮನೆಯವರು ಬಿಟ್ಟರು. ಭಾರತಮ್ಮನನ್ನು ಕ್ಯಾಲನೂರಿನ ಹತ್ತಿರದ ಹಳ್ಳಿಯ ಅಶ್ವತ್ಥಪ್ಪನಿಗೆ ಕೊಟ್ಟರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ನಾಲ್ಕು ಹಸು, ಬಾಯಿ ಜೋರಾದರೂ ಮನಸ್ಸು ಕೆಟ್ಟದಲ್ಲದ ಅತ್ತೆ ದೊಡ್ಡಗಂಗಮ್ಮ. ಎರಡು ಗಂಡು ಮಕ್ಕಳಾದವು. ಎಪ್ಪತ್ತೊಂದನೇ ಇಸವಿಯ ನವರಾತ್ರಿಯ ಸುಮಾರಿಗೆ ಹೆಣ್ಣು ಹುಟ್ಟಿತು. ಅತ್ತೆಯ ಹೆಸರು ಸೇರಿಸಿ ಗಂಗರತ್ನ ಎಂದು ಹೆಸರಿಟ್ಟು, ರತ್ನ ಎಂದು ಕರೆದರು.

ಆ ಬಾಣಂತನದಲ್ಲಿ ಭಾರತಮ್ಮ ಉಳಿದದ್ದೇ ಹೆಚ್ಚು. ಜ್ವರ ಬಿಡಲಿಲ್ಲ, ಎದೆಹಾಲು ಬತ್ತಿತು. ಸುದ್ದಿ ತಿಳಿದ ದಿನವೇ ಮುನಿಯಲ್ಲಮ್ಮ ಬಂದಳು. ತಂಗಿಗೆ ಕಷಾಯ ಕಾಸಿದಳು, ಕೂಸಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದಳು, ಕಾಲ ಮೇಲೆ ಮಲಗಿಸಿ ನೀರು ಹಾಕಿದಳು. ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ರಾಯಲ್ಪಾಡಿನಲ್ಲಿ ಹುಣಸೆ ಬಡಿಯುವ ಕಾಲ ಬಂತು, ಅವಳು ಹೊರಡಲೇಬೇಕಾಯಿತು. ಇಲ್ಲಿ ಭಾರತಮ್ಮನಿಗೆ ಇನ್ನೂ ಗೋಡೆ ಹಿಡಿದೇ ನಡಿಗೆ.

"ಪಾಪನ್ನ ನಾನು ಕರ್ಕೊಂಡು ಹೋಗ್ತೀನಿ ಕಣೇ" ಎಂದಳು ಅಕ್ಕ, ಮಗುವಿನ ಮುಖ ನೋಡುತ್ತಲೇ. "ನೀನು ಸುಧಾರಿಸ್ಕೋ. ಚಳಿ ಕಳೀಲಿ. ಬಂದು ಕರ್ಕೊಂಡು ಹೋಗುವಂತೆ."

ದೊಡ್ಡಗಂಗಮ್ಮ ಒಪ್ಪಿದಳು. "ಅಕ್ಕನ ಮನೆ ಅಂದ್ರೆ ಬೇರೇನಾ? ನಿನ್ನೇ ಇನ್ನೊಬ್ರು ನೋಡ್ಕೋಬೇಕು, ಕೂಸನ್ನ ಯಾವಾಗ ನೋಡ್ತೀಯ?" ಅಶ್ವತ್ಥಪ್ಪ ಹೆಂಡತಿಯ ಕಡೆ ನೋಡಿದ. ಭಾರತಮ್ಮ ತಲೆಯಾಡಿಸಿದಳು. ತನ್ನನ್ನು ಸಾಕಿದ ಸೊಂಟಕ್ಕೆ ಮಗುವನ್ನು ಏರಿಸುವುದರಲ್ಲಿ ಅವಳಿಗೆ ಆಗ ತಪ್ಪೇನೂ ಕಾಣಲಿಲ್ಲ. ಬಸ್ಸು ನಿಲ್ಲುವ ಕಡೆಯವರೆಗೂ ಗಂಡನ ತೋಳು ಹಿಡಿದು ಹೋದಳು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕೂಸು ಗಾಳಿಗೆ ಮುಖ ಕಿವುಚಿತು.

"ಬರೋವಾಗ ಪಾಪಂಗೆ ಒಂದು ಸ್ವೆಟರ್ ಹೆಣ್ಕೊಂಡು ಬರ್ತೀನಕ್ಕಾ. ಅದನ್ನು ತೊಟ್ಕೊಂಡೇ ಮನೆಗೆ ಬರ್ಲಿ" ಎಂದಳು. ಬಸ್ಸಿನ ಸದ್ದಿನಲ್ಲಿ ಅಕ್ಕನಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಕೂಗಿ ಹೇಳಿದಳು. ಅಕ್ಕ ಕಿಟಕಿಯಿಂದ ಕೈಯಾಡಿಸಿದಳು.

ಕೋಲಾರದ ದೊಡ್ಡಪೇಟೆಯಿಂದ ಅಶ್ವತ್ಥಪ್ಪ ಉಲ್ಲನ್ ತಂದುಕೊಟ್ಟ. ಅವಳು ಕೇಳಿದ್ದ ಬಣ್ಣವೇ, ಸೇವಂತಿಗೆ ಹೂವಿನ ಹಳದಿ. ಮೊದಲಿನ ದಿನಗಳಲ್ಲಿ ಅದು ಓಡಿತು. ಹಾಸಿಗೆಯ ಮೇಲೆ ಒರಗಿಕೊಂಡು ಬೆನ್ನಿನ ಭಾಗ ಮುಗಿಸಿದಳು. ಅಷ್ಟರಲ್ಲಿ ಮನೆಗೆ ಹುಳು ಬಂತು. ಹುಳು ಸಾಕುವ ಮನೆಯಲ್ಲಿ, ಅದು ಕೊನೆಯ ಸಲ ಪೊರೆ ಕಳಚಿ ಜ್ವರದಿಂದ ಎದ್ದ ಮೇಲೆ ಮನುಷ್ಯರಿಗೆ ಅನ್ನ ತಡವಾದರೂ ನಡೆದೀತು, ಹುಳುವಿಗೆ ಸೊಪ್ಪು ತಡವಾಗುವ ಹಾಗಿಲ್ಲ. ಸೊಪ್ಪು ಕೊಯ್ದು, ಹೆಚ್ಚಿ, ತಟ್ಟೆ ತಟ್ಟೆಗೂ ಹರಡಿ ಬೆರಳುಗಳು ಸೀಳಿ ಒರಟಾಗುತ್ತಿದ್ದವು. ಆ ಕೈಯಲ್ಲಿ ಉಲ್ಲನ್ ಮುಟ್ಟಿದರೆ ಎಳೆ ಚರ್ಮಕ್ಕೆ ಸಿಕ್ಕಿಕೊಂಡು ನೂಲು ಜುಂಗಾಗುತ್ತಿತ್ತು. ಹುಳು ಬಿದಿರು ತಟ್ಟಿಯ ಚಂದ್ರಿಕೆ ಏರಿ, ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲೆ ಬೆರಳಿಗೆ ಹರಳೆಣ್ಣೆ ಹಚ್ಚಿ ಹಚ್ಚಿ ಮೆದು ಮಾಡಿಕೊಂಡು ಮತ್ತೆ ಕಡ್ಡಿ ಹಿಡಿದಳು.

ಒಂದು ತೋಳು ಅರ್ಧವಾದಾಗ ಉಲ್ಲನ್ ಮುಗಿಯಿತು. ಈ ಸಲ ತಾನೇ ಅಂಗಡಿಗೆ ಹೋದಳು. ಅಂಗಡಿಯವನು ಕೊಟ್ಟ ಹೊಸ ಲಡಿಯನ್ನು ಬೀದಿಯ ಬೆಳಕಿಗೆ ಹಿಡಿದು, ಚೀಲದಲ್ಲಿದ್ದ ತೋಳಿನ ಪಕ್ಕ ಇಟ್ಟು ನೋಡಿದಳು.

"ಇದೂ ಹಳದಿನೇ ಅಲ್ವೇನಮ್ಮಾ?"

"ಹಳದಿನೇ. ಆದ್ರೆ ಒಡಹುಟ್ಟಿದ್ದಲ್ಲ, ದಾಯಾದಿ" ಎಂದಳು ಭಾರತಮ್ಮ.

ಕಂಪನಿಯವರು ಒಂದೊಂದು ಸಲಕ್ಕೆ ಬಣ್ಣ ಅದ್ದುವಾಗ ಕೂದಲೆಳೆಯಷ್ಟು ವ್ಯತ್ಯಾಸ ಆಗೇ ಆಗುತ್ತದೆಂದು ಅಂಗಡಿಯವನು ಸಮಾಧಾನ ಹೇಳಿದ. ತೋಳಿಗೆ ಬಿಳಿ ಹಾಕು ಎಂದು ಓರಗಿತ್ತಿಯೊಬ್ಬಳು ಹೇಳಿದಳು. ಬೇರೆ ಯಾರ ಮಗುವಿಗಾದರೂ ಭಾರತಮ್ಮ ಬಿಳಿಯನ್ನೇ ಹಾಕಿ, ಎದೆಯ ಮೇಲೊಂದು ಬಿಳಿ ಪಟ್ಟೆ ಎಳೆದು, ಮೊದಲಿನಿಂದಲೂ ಹಾಗೇ ಯೋಚಿಸಿದ್ದೆ ಎಂಬಂತೆ ಮುಗಿಸಿಬಿಡುತ್ತಿದ್ದಳು. ಇದಕ್ಕೆ ಮಾತ್ರ ಮನಸ್ಸು ಒಪ್ಪಲಿಲ್ಲ. ಮುಳಬಾಗಿಲಿಗೆ ಹೋದವರ ಕೈಯಲ್ಲೂ ಹೇಳಿಕಳಿಸಿದಳು. ಅದೇ ಬಣ್ಣ ಸಿಗುವಷ್ಟರಲ್ಲಿ ಯುಗಾದಿ ಕಳೆದು ಬಿಸಿಲು ನೆತ್ತಿಗೇರಿತ್ತು. ಬಿಸಿಲಲ್ಲಿ ಸ್ವೆಟರ್ ಹಿಡಿದು ಹೋಗುವುದುಂಟೆ? ಮಾವಿನ ಕಾಲದಲ್ಲಿ ಅಕ್ಕನ ಮನೆಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮುಂದಿನ ಚಳಿಗೆ ಹೋದರಾಯಿತು ಎಂದುಕೊಂಡಳು.

ಮುಂದಿನ ಚಳಿಗಾಲದಲ್ಲಿ ದೊಡ್ಡಗಂಗಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮಲಗಿದ ಮುದುಕಿಯನ್ನು ಎತ್ತುವುದು, ತಿರುಗಿಸುವುದು, ತೊಳೆಯುವುದು ಎಲ್ಲ ಭಾರತಮ್ಮನ ಪಾಲಿಗೆ ಬಂತು. ಹೀಗಾಗಿ ಅವಳು ರಾಯಲ್ಪಾಡಿಗೆ ಹೋದದ್ದು ಎಪ್ಪತ್ನಾಲ್ಕರ ಸಂಕ್ರಾಂತಿ ಕಳೆದ ಮೇಲೆ, ಅತ್ತೆಯನ್ನು ನಾದಿನಿಗೆ ಒಪ್ಪಿಸಿ, ಒಬ್ಬಳೇ. ಚೀಲದಲ್ಲಿ ಬೆನ್ನು, ಎದೆ, ಎರಡು ತೋಳು ಬೇರೆ ಬೇರೆಯಾಗಿ ಮಡಿಸಿಟ್ಟಿದ್ದವು. ಅಳತೆ ನೋಡಿಕೊಂಡು ಅಲ್ಲೇ ಕೂತು ಜೋಡಿಸಿ, ತೊಡಿಸಿ ಕರೆತರುವುದೆಂದು ಲೆಕ್ಕ ಹಾಕಿದ್ದಳು.

ಅಕ್ಕನ ಮನೆಯ ಅಂಗಳದಲ್ಲಿ ಒಂದು ಹುಡುಗಿ ಹುಣಸೆ ಬೀಜ ಆಡುತ್ತಾ ಕೂತಿತ್ತು. ತಲೆ ತುಂಬ ಗುಂಗುರು ಕೂದಲು, ಕಾಲಲ್ಲಿ ಗೆಜ್ಜೆ. ಭಾರತಮ್ಮನನ್ನು ಕಂಡು ಎದ್ದು ಓಡಿ, ಒಳಗಿಂದ ಬಂದ ಮುನಿಯಲ್ಲಮ್ಮನ ಸೀರೆ ಹಿಡಿದು ಬಚ್ಚಿಟ್ಟುಕೊಂಡಿತು.

"ಅಮ್ಮಾ, ಎವರು?" ಎಂದು ತೆಲುಗಿನಲ್ಲಿ ಕೇಳಿತು. ಯಾರು ಎಂದು.

ಮುನಿಯಲ್ಲಮ್ಮ ಒಂದು ಗಳಿಗೆ ತಂಗಿಯ ಮುಖ ನೋಡಿದಳು. "ಪಿನ್ನಮ್ಮ" ಎಂದಳು. ಚಿಕ್ಕಮ್ಮ.

ಭಾರತಮ್ಮ ಚೀಲದಿಂದ ಬೆನ್ನಿನ ತುಂಡು ತೆಗೆದು ಮಗುವಿನ ಬೆನ್ನಿಗೆ ಹಿಡಿಯಲು ಹೋದಳು. ಮಗು ಕಿರುಚಿ ಅತ್ತಿತು. ಅಕ್ಕನೇ ಎತ್ತಿಕೊಂಡು ಸಮಾಧಾನ ಮಾಡಿದ ಮೇಲೆ, ಅವಳ ತೋಳಲ್ಲಿದ್ದಾಗಲೇ ಹಿಡಿದು ನೋಡಿದರೆ ಹೆಣೆದದ್ದು ಅರ್ಧ ಬೆನ್ನಿಗೂ ಸಾಲುತ್ತಿರಲಿಲ್ಲ. ಭಾರತಮ್ಮ ಊರಲ್ಲಿ ಪಕ್ಕದ ಮನೆಯ ಮಗುವಿನ ಅಳತೆ ಹಿಡಿದು ಹೆಣೆದಿದ್ದಳು. ಆ ಮಗು ಕೃಶ. ಇದು ಅಕ್ಕನ ಕೈಯ ಬೆಣ್ಣೆ ತಿಂದು ದುಂಡಗೆ ಬೆಳೆದಿತ್ತು.

ಅವಳು ಅಲ್ಲಿದ್ದಷ್ಟು ದಿನವೂ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬರುವುದು, ಹಿಂದಕ್ಕೆ ಹೋಗುವುದು. ಊಟಕ್ಕೆ ಕೂತಾಗ ಕೋದಂಡರಾಮಪ್ಪ ಮಗುವಿಗೆ ತುತ್ತು ಮಾಡಿ ತಿನ್ನಿಸುವುದನ್ನು ನೋಡಿದಳು. ಅಕ್ಕನ ಓರೆ ಸೊಂಟದ ಮೇಲೆ ಮಗು ಅಚ್ಚು ಹಾಕಿದ ಹಾಗೆ ಕೂರುವುದನ್ನು ನೋಡಿದಳು. ಹೊರಡುವ ದಿನ ಅಕ್ಕನೇ ಮಾತು ತೆಗೆದಳು.

"ಸ್ವೆಟರ್ ಹಾಕಿ ಕರ್ಕೊಂಡು ಹೋಗ್ತೀನಿ ಅಂದಿದ್ಯಲ್ಲ. ಇದು ಚಿಕ್ಕದಾಯ್ತಲ್ಲ. ಮುಗಿಸ್ಕೊಂಡೇ ಬಾ. ಅಷ್ಟರಲ್ಲಿ ಇದೂ ನಿನ್ನ ಗುರ್ತು ಹಿಡಿಯೋ ಹಾಗೆ ಆಗ್ತದೆ."

"ಹೂಂ ಅಕ್ಕಾ, ಮುಗಿಸ್ಕೊಂಡೇ ಬರ್ತೀನಿ" ಎಂದಳು ಭಾರತಮ್ಮ.

ಆ ಮಾತಿನಿಂದ ತನಗೆ ದುಃಖಕ್ಕಿಂತ ಹೆಚ್ಚಾಗಿ ಬಿಡುಗಡೆಯೇ ಆಯಿತೆಂಬುದು ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ತಿಳಿಯಿತು. ಆಗ ಅದನ್ನು ಅವಳು ಯಾರಿಗೂ ಹೇಳಲಿಲ್ಲ. ತನಗೆ ತಾನೂ ಸರಿಯಾಗಿ ಹೇಳಿಕೊಳ್ಳಲಿಲ್ಲ.

ಊರಿಗೆ ಬಂದು ಎಲ್ಲವನ್ನೂ ಬಿಚ್ಚಿದಳು. ಬಿಚ್ಚಿದ ಉಲ್ಲನ್ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಲಡಿ ಮಾಡಿ, ನೀರಲ್ಲಿ ಅದ್ದಿ, ಕೆಳಗೆ ಕಲ್ಲು ಕಟ್ಟಿ ತೂಗುಹಾಕಿ ನೇರ ಮಾಡಿ, ದೊಡ್ಡ ಅಳತೆಗೆ ಮತ್ತೆ ಶುರುಮಾಡಿದಳು. ನಡುವೆ ಊರವರ ಟೋಪಿ, ಊರವರ ಶಾಲು. ಅವು ಬಂದವು, ಮುಗಿದು ಹೋದವು. ಹಳದಿ ಮಾತ್ರ ಟ್ರಂಕಿನೊಳಗೆ ಹೋಗುವುದು, ಹೊರಬರುವುದು. ಸ್ವೆಟರ್ ಇಷ್ಟು ಬೆಳೆದರೆ ಮಗು ಅಷ್ಟು ಬೆಳೆಯುತ್ತಿತ್ತು. ರಾಯಲ್ಪಾಡಿನ ಕಡೆಯಿಂದ ಬಂದವರನ್ನು ಹಿಡಿದು "ಎಷ್ಟೆತ್ತರ ಆಗಿದಾಳೆ?" ಎಂದು ಕೇಳುವಳು. ಅವರು ತಮ್ಮ ತೊಡೆಯ ಹತ್ತಿರ ಕೈ ಹಿಡಿದು ತೋರಿಸುವರು. ಮುಂದಿನ ಸಲ ಸೊಂಟದ ಹತ್ತಿರ. ಅವಳು ಮತ್ತೆ ಬಿಚ್ಚುವಳು.

ಒಮ್ಮೆ ಮಾಲೂರಿಗೆ ಹೋದಾಗ ಶ್ಯಾಮಲಮ್ಮನ ಮನೆಗೆ ಚೀಲ ಹಿಡಿದೇ ಹೋದಳು. ಶ್ಯಾಮಲಮ್ಮನಿಗೆ ವಯಸ್ಸಾಗಿತ್ತು, ದಪ್ಪ ಕನ್ನಡಕ ಬಂದಿತ್ತು. ನಾಲ್ಕು ತುಂಡುಗಳನ್ನೂ ಜಗಲಿಯ ಮೇಲೆ ಹರಡಿ, ಕೈಯಾಡಿಸಿ ನೋಡಿದಳು.

"ಬೆನ್ನು ಇದೆ, ಎದೆ ಇದೆ, ತೋಳು ಎರಡೂ ಇದೆ. ಹೊಲಿಯೋದಷ್ಟೇ ಅಲ್ವೇನೇ ಬಾಕಿ? ಒಂದು ಮಧ್ಯಾಹ್ನದ ಕೆಲಸ. ತಾ, ಇಲ್ಲೇ ಕೂತು ಸೇರಿಸ್ಬಿಡೋಣ."

"ಬೇಡ ಶ್ಯಾಮಲಕ್ಕಾ. ಕತ್ತಿನ ಹತ್ರ ಸರಿಯಾಗಿಲ್ಲ."

"ಎಲ್ಲೇ? ನಂಗೆ ಕಾಣ್ತಿಲ್ಲ."

"ಇಲ್ಲಿ ನೋಡಿ. ಈ ಕುಣಿಕೆ ಬಿಗಿಯಾಗಿದೆ."

ಶ್ಯಾಮಲಮ್ಮ ಕನ್ನಡಕ ಏರಿಸಿ ಆ ಕುಣಿಕೆಯನ್ನು ನೋಡಿದಳು, ಆಮೇಲೆ ಭಾರತಮ್ಮನನ್ನು ನೋಡಿದಳು. "ಊರಿಗೆಲ್ಲ ಹಾಕಿಕೊಡ್ತೀಯಂತೆ, ಅವ್ರಿಗೆಲ್ಲ ಬಿಗಿ ಸಡಿಲ ನೋಡ್ತೀಯಾ?" ಭಾರತಮ್ಮ ತುಂಡುಗಳನ್ನು ಒಂದೊಂದಾಗಿ ಮಡಿಸಿದಳು. "ನಾನು ನಿಂಗೆ ಹೆಣೆಯೋದಕ್ಕಿಂತ ಬಿಚ್ಚೋದನ್ನೇ ಜಾಸ್ತಿ ಕಲಿಸ್ಬಿಟ್ಟೆ ಅಂತ ಕಾಣ್ತದೆ" ಎಂದಳು ಮುದುಕಿ, ಬೇಸರದಲ್ಲಿ.

ಮಗುವಿಗೆ ಸ್ಕೂಲು ಸೇರುವ ವಯಸ್ಸಾದಾಗ ಅಶ್ವತ್ಥಪ್ಪ ಒಂದು ಬೆಳಗ್ಗೆ ಹಾಲು ಹಾಕಿ ಬಂದವನೇ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಮದುವೆಗೆ ಹೋಗುವಾಗ ಹಾಕುವ ಅಂಗಿ ತೊಟ್ಟ. ಅವನು ಮಾತು ಕಡಿಮೆಯ ಮನುಷ್ಯ. ಚಪ್ಪಲಿ ಮೆಟ್ಟಿಕೊಂಡ ಮೇಲೆ ಹೇಳಿದ.

"ರಾಯಲ್ಪಾಡಿಗೆ ಹೋಗ್ಬರ್ತೀನಿ."

ಭಾರತಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಯಾಕೆ?"

"ಯಾಕೆ ಅಂದ್ರೆ? ಮಗು ಕರ್ಕೊಂಡು ಬರೋಕೆ. ಇಲ್ಲಿ ಸ್ಕೂಲಿಗೆ ಹಾಕೋಣ. ಭಾವನ ಹತ್ರ ನಾನು ಮಾತಾಡ್ತೀನಿ. ಬೈಯ್ಯೋದಾದ್ರೆ ನನ್ನ ಬೈಲಿ."

ಅವಳಿಗೆ ಸಂತೋಷವಾಗಬೇಕಾಗಿತ್ತು. ಆದರೆ ಅವಳ ಕಣ್ಣಿಗೆ ಕಂಡದ್ದು, ಈ ಬಾಗಿಲಲ್ಲಿ ನಿಂತು "ಎವರು?" ಎಂದು ಕೇಳುವ ಹುಡುಗಿ. ಬಂದ ದಿನದಿಂದ ಅಮ್ಮ ಬೇಕು ಎಂದು ಅಳುವ ಮಗು. ತಾನು ಎತ್ತಿಕೊಳ್ಳಹೋದರೆ ಮೈ ಸೆಟೆಸುವ ಮಗು. ಅದರಾಚೆ, ರಾಯಲ್ಪಾಡಿನ ಅಂಗಳದಲ್ಲಿ ಬರಿ ಸೊಂಟ ಓರೆ ಮಾಡಿಕೊಂಡು ನಿಂತ ಅಕ್ಕ.

"ಇನ್ನೊಂದು ಸ್ವಲ್ಪ ದಿನ ತಡೀರಿ. ಸ್ವೆಟರ್ ಮುಗೀತಾ ಬಂತು."

"ಸ್ವೆಟರ್‌ಗೂ ಮಗುವಿಗೂ ಏನೇ ಸಂಬಂಧ?"

ಹೇಳಬೇಕಾದ ಮಾತು, "ನಂಗೆ ಭಯ ಆಗ್ತದೆ" ಎಂಬುದು, ಅವಳ ಬಾಯಿಗೆ ಬರಲಿಲ್ಲ. "ಮಾತು ಕೊಟ್ಟಿದೀನಿ ಅಕ್ಕನಿಗೆ, ಮುಗಿಸ್ಕೊಂಡು ಬರ್ತೀನಿ ಅಂತ" ಎಂದಳು. ಅಶ್ವತ್ಥಪ್ಪ ಚಪ್ಪಲಿ ಬಿಟ್ಟ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಹಳೆಯ ಚಡ್ಡಿ ಬನಿಯನ್ ಹಾಕಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದ. ಆ ವಿಷಯವನ್ನು ಅವನು ಮತ್ತೆ ಯಾವತ್ತೂ ಎತ್ತಲಿಲ್ಲ. ಅವನು ಎತ್ತಲಿ ಎಂದು ಅವಳು ಎಷ್ಟೋ ಸಲ ಕಾದಳು. ಎರಡನೇ ಸಲ ಕೇಳಿದ್ದರೆ ಹೂಂ ಎನ್ನುತ್ತಿದ್ದಳೇನೋ.

ದೊಡ್ಡಗಂಗಮ್ಮ ತೀರಿಕೊಂಡಳು. ಗಂಡು ಮಕ್ಕಳು ಮೀಸೆ ಬಂದವರಾದರು. ರೇಷ್ಮೆ ಕೈ ಹಿಡಿಯಿತು, ಹಳೇ ಮನೆಯ ಪಕ್ಕದಲ್ಲಿ ತಾರಸಿ ಮನೆ ಎದ್ದಿತು. ಎಂಬತ್ತೈದರಲ್ಲಿ ಗೃಹಪ್ರವೇಶವಾದಾಗ ರಾಯಲ್ಪಾಡಿನಿಂದ ಮೂವರೂ ಬಂದರು. ರತ್ನ ಆಗ ಹೈಸ್ಕೂಲಿನಲ್ಲಿದ್ದಳು. ಮಾವಿನ ಚಿಗುರು ಬಣ್ಣದ ದಾವಣಿ, ಎರಡು ಜಡೆ. ತಾನು ಯಾರ ಹೊಟ್ಟೆಯಲ್ಲಿ ಹುಟ್ಟಿದವಳೆಂದು ಊರಿನ ಬಾಯಿಂದ ಅವಳಿಗೆ ತಿಳಿದು ಬಹಳ ಕಾಲವಾಗಿತ್ತು. ಅದನ್ನು ಅಕ್ಕ ಭಾವ ಮುಚ್ಚಿಟ್ಟಿರಲೂ ಇಲ್ಲ. ಭಾರತಮ್ಮ ನೆಂಟರ ನಡುವೆ ಓಡಾಡುತ್ತಾ ಅವಳ ಮೇಲೆಯೇ ಕಣ್ಣಿಟ್ಟಿದ್ದಳು. ಕೈ ಬೀಸುವ ರೀತಿ ಅಶ್ವತ್ಥಪ್ಪನದು. ನಗು ಮಾತ್ರ ಮುನಿಯಲ್ಲಮ್ಮನದು. ಅದು ರಕ್ತದಲ್ಲಿ ಬಂದದ್ದೋ ಸಹವಾಸದಲ್ಲಿ ಬಂದದ್ದೋ ಹೇಳುವ ಹಾಗಿರಲಿಲ್ಲ.

ಊಟವಾದ ಮೇಲೆ ಹುಳುವಿಗೆ ಸೊಪ್ಪು ಹಾಕಲು ಭಾರತಮ್ಮ ಹುಳು ಮನೆಗೆ ಹೋದಾಗ ರತ್ನ ಹಿಂದೆಯೇ ಬಂದಳು. ತಟ್ಟೆಗಳ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು ತೆಂಗಿನ ಗರಿಯ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತಿತ್ತು. ಹುಡುಗಿ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಾ ನಿಂತಳು.

"ಪಿನ್ನಮ್ಮಾ, ಒಂದು ಮಾತು ಕೇಳ್ಲಾ?"

"ಕೇಳಮ್ಮ."

"ನೀವ್ಯಾಕೆ ಬರ್ಲಿಲ್ಲ? ಚಳಿ ಹೋದ್ಮೇಲೆ ಕರ್ಕೊಂಡು ಹೋಗ್ತೀನಿ ಅಂದಿದ್ರಂತೆ."

ಕೇಳಿದ್ದರಲ್ಲಿ ಕೋಪವೇನೂ ಇರಲಿಲ್ಲ. ಲೆಕ್ಕದಲ್ಲಿ ತಿಳಿಯದ್ದನ್ನು ಮೇಷ್ಟರಿಗೆ ಕೇಳುವ ಹಾಗೆ ಕೇಳಿದಳು. ಭಾರತಮ್ಮ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ನಿಂತಳು.

"ಬರ್ಬೇಕು ಅಂತಾನೇ ಇದ್ದೆ. ನಿಂಗೊಂದು ಸ್ವೆಟರ್ ಹಾಕ್ತಾ ಇದ್ದೆ ಕಣಮ್ಮ. ಅದು ಮುಗೀಲೇ ಇಲ್ಲ."

ರತ್ನ ಅವಳ ಮುಖವನ್ನು ನೋಡಿದಳು. ಮಾತು ಇನ್ನೂ ಇರಬಹುದೆಂದು ಕಾದಳು. ಇರಲಿಲ್ಲ.

"ನಮ್ಮೂರಲ್ಲಿ ಅಷ್ಟೊಂದು ಚಳಿ ಆಗಲ್ಲ ಪಿನ್ನಮ್ಮ" ಎಂದಳು. ಅಷ್ಟರಲ್ಲಿ ಹೊರಗಿನಿಂದ ಮುನಿಯಲ್ಲಮ್ಮ "ರತ್ನಾ" ಎಂದು ಕರೆದದ್ದು ಕೇಳಿಸಿತು. "ವಸ್ತಾನಮ್ಮಾ" ಎಂದು ಕೂಗಿ, ಬರ್ತೀನಿ ಎಂದು ಇವಳ ಕಡೆ ತಲೆಯಾಡಿಸಿ ಹೊರಟುಹೋದಳು.

ಆ ಬೆಳೆಯ ಗೂಡು ಮಾರಿದ ಮೇಲೆ ಭಾರತಮ್ಮ ಟ್ರಂಕು ತೆಗೆದು ಹಳದಿ ಉಲ್ಲನ್ ಹೊರಗೆ ತೆಗೆದಳು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು, ಅಲ್ಲಲ್ಲಿ ಬಣ್ಣ ಮಾಸಿತ್ತು. ಸಾಲದ್ದಕ್ಕೆ ಅಂಗಡಿಯಿಂದ ಸಿಕ್ಕ ಹಳದಿಯನ್ನೇ ತಂದಳು. ದಾಯಾದಿಯೋ ಒಡಹುಟ್ಟೋ ಎಂದು ಬೆಳಕಿಗೆ ಹಿಡಿದು ನೋಡಲಿಲ್ಲ. ಹುಳುವಿನ ಎರಡು ಬೆಳೆಗಳ ನಡುವೆ ಸಿಗುವ ಬಿಡುವಿನಲ್ಲೇ, ಬೆಳೆದ ಹುಡುಗಿಯ ಅಳತೆಯ ಸ್ವೆಟರ್ ಮುಗಿಯಿತು. ಕತ್ತು, ತೋಳು, ಗುಂಡಿ, ಎಲ್ಲ. ಕೊನೆಯ ಎಳೆ ಗಂಟು ಹಾಕಿ ಕತ್ತರಿಸಿದ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಇಷ್ಟೇ ಇತ್ತೇ ಇದು? ಇಷ್ಟರ ಹಿಂದೆ ನಿಂತು ಒಂದು ಮಗುವಿನ ಬಾಲ್ಯವನ್ನೆಲ್ಲ ಕಳೆದೆನೇ? ಹುಳುವನ್ನು ದೂರುವ ಹಾಗಿರಲಿಲ್ಲ, ಬಣ್ಣ ಅದ್ದಿದವರನ್ನೂ, ಸತ್ತುಹೋದ ಅತ್ತೆಯನ್ನೂ ದೂರುವ ಹಾಗಿರಲಿಲ್ಲ. ಅವೆಲ್ಲ ಇದ್ದದ್ದು ನಿಜ. ಆದರೆ ಅವೆಲ್ಲ ಇದ್ದಾಗಲೂ ಊರ ಮಕ್ಕಳ ಟೋಪಿಗಳು ಮುಗಿದಿದ್ದವಲ್ಲ.

ಸ್ವೆಟರನ್ನು ಗಂಡನ ಕೈಯಲ್ಲೇ ಕಳಿಸಿದಳು. ಅವನು ಮಾರನೆಯ ದಿನ ಬಂದ.

"ಏನಂದ್ಳು?"

"ತಗೊಂಡ್ಳು. ಚೆನ್ನಾಗಿದೆ ಅಂದ್ಳು" ಎಂದ ಅಶ್ವತ್ಥಪ್ಪ. ಹಾಕಿಕೊಂಡು ನೋಡಿದಳೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ರತ್ನನ ಮದುವೆ ಗೊತ್ತಾದದ್ದು ಎಂಬತ್ತೊಂಬತ್ತರಲ್ಲಿ. ಹುಡುಗ ಮುಳಬಾಗಿಲಿನವನು, ಸ್ಕೂಲಿನಲ್ಲಿ ಗುಮಾಸ್ತೆ. ಭಾರತಮ್ಮ, ಅಶ್ವತ್ಥಪ್ಪ ಮುಂಚೆಯೇ ಹೋದರು. ಚಪ್ಪರ ಹಾಕುವ ದಿನ ಮಧ್ಯಾಹ್ನ ಅಕ್ಕ ತಂಗಿ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮುನಿಯಲ್ಲಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕಾಳು ಬಿಡಿಸುತ್ತಲೇ ಅವಳು ಹೇಳಿದಳು.

"ಚಳಿಗಾಲ ಬಂದ್ರೆ ನಂಗೆ ಜೀವದಲ್ಲಿ ಜೀವ ಇರ್ತಿರ್ಲಿಲ್ಲ ಕಣೇ. ಶ್ರೀನಿವಾಸಪುರದ ಬಸ್ಸು ಬಂದು ನಿಂತ್ರೆ ಸಾಕು, ಇಳಿಯೋರ ಕೈ ನೋಡ್ತಿದ್ದೆ. ಯಾರ ಕೈಲಾದ್ರೂ ಹಳದಿ ಕಾಣ್ತದಾ ಅಂತ. ಬಸ್ಸು ಹೋದ್ಮೇಲೆ ದೇವ್ರಿಗೆ ಕೈ ಮುಗೀತಿದ್ದೆ. ಆಮೇಲೆ ನಿನ್ನ ನೆನೆಸ್ಕೊಂಡು ಅಳ್ತಿದ್ದೆ."

ಭಾರತಮ್ಮನ ಕೈ ನಿಂತಿತು. "ನಾನು ಬಂದು ಕೇಳಿದ್ರೆ ಕೊಡ್ತಿದ್ಯಾ ಅಕ್ಕಾ?"

ಸುಳ್ಳು ಹೇಳುವ ಅಭ್ಯಾಸ ಮುನಿಯಲ್ಲಮ್ಮನಿಗಿರಲಿಲ್ಲ.

"ಮೊದಲ್ನೇ ಚಳಿಗೆ ಬಂದಿದ್ರೆ ಕೊಡ್ತಿದ್ದೆ. ನೀನು ತುಂಡುಗಳು ಹಿಡ್ಕೊಂಡು ಬಂದ್ಯಲ್ಲ, ಆಗ ಕೇಳಿದ್ರೂ ಅತ್ಕೊಂಡು ಕೊಡ್ತಿದ್ದೆ. ಆಮೇಲಿಂದು ಗೊತ್ತಿಲ್ಲ ಕಣೇ. ಆದ್ರೆ ನೀನು ಒಂದ್ಸಲ ಕೇಳ್ಬೇಕಾಗಿತ್ತು ಭಾರತೀ. ಬೇಡ ಅನ್ನಿಸ್ಕೊಳ್ಳೋಕಾದ್ರೂ ಕೇಳ್ಬೇಕಾಗಿತ್ತು. ಅಮ್ಮ ನನ್ನ ಕೇಳಿದ್ಲು ಅಂತ ಆ ಮಗೂಗೆ ಹೇಳ್ಕೊಳ್ಳೋಕಾದ್ರೂ ಒಂದು ಮಾತು ಇರ್ತಿತ್ತು."

ಆಮೇಲೆ ಮುನಿಯಲ್ಲಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನಾಳಿದ್ದು ಧಾರೆ ನೀವಿಬ್ರೂ ಎರೀರಿ. ನಿಮ್ಮ ಭಾವನೂ ಅದೇ ಹೇಳ್ತಿದಾರೆ" ಎಂದಳು.

ಭಾರತಮ್ಮ ಅಂಗಳದ ಕಡೆ ನೋಡಿದಳು. ಅಲ್ಲಿ ಕೋದಂಡರಾಮಪ್ಪ ಏಣಿ ಹಿಡಿದು ನಿಂತಿದ್ದ, ಮೇಲೆ ಯಾರೋ ಮಾವಿನ ತೋರಣ ಕಟ್ಟುತ್ತಿದ್ದರು, ಕೆಳಗೆ ನಿಂತ ರತ್ನ "ನಾಯ್ನಾ, ಇನ್ನೂ ಎಡಕ್ಕೆ" ಎಂದು ಅಪ್ಪನಿಗೆ ಹೇಳುತ್ತಿದ್ದಳು.

"ಬೇಡಕ್ಕಾ. ಸಾಕಿದ ಕೈಯಲ್ಲೇ ನೀರು ಬೀಳ್ಲಿ" ಎಂದಳು. ಹಾಗೆ ಹೇಳಿದ್ದು ಸರಿಯೋ, ಇದೂ ಕೂಡ ಹಿಂದೆ ಸರಿಯುವ ಇನ್ನೊಂದು ದಾರಿಯೋ ಎಂಬುದು ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಧಾರೆಯ ಹೊತ್ತಿನಲ್ಲಿ ಹೆಂಗಸರ ಸಾಲಿನ ಹಿಂದೆ ನಿಂತು ನೋಡಿದಳು. ಗಂಡನ ಮನೆಗೆ ಹೊರಡುವಾಗ ರತ್ನ ಮುನಿಯಲ್ಲಮ್ಮನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ಕಾಲಿಗೆ ಬಿದ್ದಳು. ಆಮೇಲೆ ಅಶ್ವತ್ಥಪ್ಪನಿಗೆ, ಭಾರತಮ್ಮನಿಗೆ ನಮಸ್ಕಾರ ಮಾಡಿದಳು. ಭಾರತಮ್ಮ ಅವಳನ್ನು ಹಿಡಿದೆತ್ತಿದಳು. ಭುಜಗಳು ಎಷ್ಟು ಅಗಲವಾಗಿವೆ ಎಂದು ಕೈಗೆ ತಿಳಿಯಿತು. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಹುಷಾರಮ್ಮ" ಎಂದಳು.

"ನೀವೂ ಬನ್ನಿ ಪಿನ್ನಮ್ಮ, ಮುಳಬಾಗಿಲಿಗೆ" ಎಂದಳು ರತ್ನ ಕಣ್ಣೊರೆಸಿಕೊಳ್ಳುತ್ತಾ.

"ಬರ್ತೀನಿ" ಎಂದಳು ಭಾರತಮ್ಮ.

ಮಾರನೆಯ ದಿನ ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಅಶ್ವತ್ಥಪ್ಪನಿಗೆ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಭಾರತಮ್ಮನ ಪಕ್ಕದಲ್ಲಿ ಟೊಮೊಟೊ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಇವಳ ಮಡಿಲಲ್ಲಿದ್ದ ತಾಂಬೂಲದ ಚೀಲ, ಮುಡಿಯಲ್ಲಿ ಬಾಡಿದ ಮಲ್ಲಿಗೆ ನೋಡಿ ಮಾತಿಗೆಳೆದಳು.

"ಮದ್ವೆಗೆ ಹೋಗಿದ್ರಾ ಅಮ್ಮಾ? ಯಾರ ಮದ್ವೆ?"

ಭಾರತಮ್ಮ ಕಿಟಕಿಯಾಚೆ ಹಿಂದಕ್ಕೆ ಓಡುವ ಮಾವಿನ ತೋಪುಗಳನ್ನು ನೋಡಿದಳು.

"ನಮ್ಮಕ್ಕನ ಮಗಳದು" ಎಂದಳು.